ಇಲ್ಲವಾದ ನಾಡಿನ ಮೊಮ್ಮಕ್ಕಳು

ಕಳೆದ ವರ್ಷ ಪದವಿ ತರಗತಿಯಲ್ಲಿ ಕಾದಂಬರಿಯ ಸ್ವರೂಪವನ್ನು ಕುರಿತು ಪಾಠ ಹೇಳುತ್ತಿದ್ದೆ. ಮನುಷ್ಯನನ್ನಲ್ಲದೆ ಒಂದು ಊರನ್ನೇ, ಒಂದು ಕಟ್ಟಡವನ್ನೇ ನಾಯಕಸ್ಥಾನದಲ್ಲಿ ನಿಲ್ಲಿಸಿದ ಕೃತಿಗಳೂ ಉಂಟೆಂದು ಹೇಳುತ್ತ, ನಿದರ್ಶನಕ್ಕಾಗಿ ಇವೊ ಆಂದ್ರಿಚ್ ಬರೆದ ‘ದ್ರಿನಾ ನದಿಯ ಸೇತುವೆ’ಯನ್ನು ಹೆಸರಿಸಿದೆ. “೧೯೬೧ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಯುಗೊಸ್ಲಾವಿಯದ ಕಾದಂಬರಿಕಾರರು” ಎಂದೆ. ಟಿಪ್ಪಣಿ ಬರೆದುಕೊಳ್ಳುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತಲೆಯೆತ್ತಿ, “ಸರ್, ಆ ಹೆಸರಿನ ದೇಶವೇ ಇಲ್ಲವಲ್ಲ?” ಎಂದಳು. ಇತ್ತು, ಈಗ ಇಲ್ಲ, ಎಂದೆ. “ಹಾಗಾದರೆ ಅವರನ್ನು ಯಾವ ದೇಶದವರೆಂದು ಬರೆದುಕೊಳ್ಳಲಿ?” ಎಂದು ಅವಳ ಮರುಪ್ರಶ್ನೆ. ಅಷ್ಟರಲ್ಲಿ ಗಂಟೆ ಹೊಡೆದದ್ದರಿಂದ ನಾನು ಪಾರಾದೆ.

ಪಾರಾದೆನೆಂದು ತಿಳಿದದ್ದು ನನ್ನ ಭ್ರಮೆ. ಪ್ರಶ್ನೆ ಮನೆಯವರೆಗೂ ನನ್ನ ಹಿಂದೆ ಬಂತು. ಆಂದ್ರಿಚ್ ೧೮೯೨ರಲ್ಲಿ ಬೋಸ್ನಿಯದ ತ್ರಾವ್ನಿಕ್ ಊರಿನ ಬಳಿ ಹುಟ್ಟಿದವರು. ತಂದೆತಾಯಿಗಳು ಕ್ಯಾಥೊಲಿಕ್ ಕ್ರೊಯೇಷಿಯನರು. ತಂದೆ ತೀರಿಕೊಂಡ ಮೇಲೆ ಬಾಲಕ ವಿಶೆಗ್ರಾದ್ ಊರಿನಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದ. ದೊಡ್ಡವನಾದ ಮೇಲೆ ನೆಲೆಸಿದ್ದು ಸರ್ಬಿಯದ ಬೆಲ್‌ಗ್ರೇಡ್ ನಗರದಲ್ಲಿ. ಬರೆದದ್ದು ಆ ನಗರದ ನುಡಿಯಲ್ಲಿ. ಬರೆದ ವಸ್ತುವೆಲ್ಲ ಹೆಚ್ಚುಪಾಲು ಬೋಸ್ನಿಯದ್ದು. ಹುಟ್ಟಿದಾಗ ಆಸ್ಟ್ರಿಯ-ಹಂಗೇರಿಯ ಆಳ್ವಿಕೆ. ೧೯೭೫ರಲ್ಲಿ ತೀರಿಕೊಂಡಾಗ ಯುಗೊಸ್ಲಾವಿಯದ ಪ್ರಜೆ. ಇಂದು ಮೂರು ದೇಶಗಳ ಸಾಹಿತ್ಯಚರಿತ್ರೆಗಳು ಅವರನ್ನು ತಮ್ಮವರೆನ್ನುತ್ತವೆ. ಆ ಮೂರೂ ದೇಶಗಳಲ್ಲಿ ಅವರನ್ನು ತಮ್ಮವರಲ್ಲವೆನ್ನುವ ಜನವೂ ಇದ್ದಾರೆ. ಅವರಾದರೋ ನೊಬೆಲ್ ಹಣವನ್ನು ಬೋಸ್ನಿಯದ ಗ್ರಂಥಾಲಯಗಳಿಗೆ ಕೊಟ್ಟುಬಿಟ್ಟಿದ್ದರು.

ನನ್ನ ತಲೆಮಾರಿನವರಿಗೆ ಆ ದೇಶದ ಹೆಸರು ಮೊದಲು ಪರಿಚಯವಾದದ್ದು ಎರಡು ದಾರಿಗಳಿಂದ. ಒಂದು, ಶಾಲೆಯ ಇತಿಹಾಸ ಪುಸ್ತಕದ ನೆಹರೂ-ಟಿಟೊ-ನಾಸರ್ ತ್ರಯ. ೧೯೫೬ರಲ್ಲಿ ಬ್ರಿಯೊನಿ ದ್ವೀಪದಲ್ಲಿ ಆ ಮೂವರು ಕಲೆತದ್ದು, ೧೯೬೧ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲನೆಯ ಸಮ್ಮೇಳನ ಸೇರಿದ್ದು, ಇವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ನಾವು. ಇನ್ನೊಂದು ದಾರಿ ಅಂಚೆಚೀಟಿಯದು. ನನ್ನ ಚೀಟಿಪುಸ್ತಕದಲ್ಲಿ ಆ ದೇಶದ್ದು ಐದಾರು ಇದ್ದುವು. ಅವುಗಳ ಮೇಲಿನ ರೋಮನ್ ಅಕ್ಷರಗಳನ್ನು ಇಂಗ್ಲಿಷಿನ ರೂಢಿಯಂತೆ ‘ಜುಗೋಸ್ಲಾವಿಜ’ ಎಂದು ಓದಿಕೊಂಡು, ಯುಗೊಸ್ಲಾವಿಯ ಬೇರೆ, ಇದು ಬೇರೆ ಎಂದು ಬಹುಕಾಲ ನಂಬಿದ್ದೆ. ಆ ನುಡಿಯಲ್ಲಿ ‘ಯುಗ್’ ಎಂದರೆ ತೆಂಕಣ. ತೆಂಕಣ ಸ್ಲಾವರ ನಾಡು ಯುಗೊಸ್ಲಾವಿಯ ಎಂದು ತಿಳಿದದ್ದು ಆ ನಾಡು ಮುರಿದುಬಿದ್ದ ಎಷ್ಟೋ ವರ್ಷಗಳ ಅನಂತರ.

ನಾನು ಚೀಟಿ ಅಂಟಿಸಿದವನು, ನನಗೇನೂ ನಷ್ಟವಿಲ್ಲ. ಆದರೆ ಅಜ್ಜ ಅಜ್ಜಿಯರು ಆ ನೆಲದಲ್ಲಿ ಮಣ್ಣಾಗಿದ್ದು, ತಾವು ಮಾತ್ರ ಜರ್ಮನಿಯಲ್ಲೋ ಸ್ವೀಡನ್ನಿನಲ್ಲೋ ಅಮೆರಿಕದಲ್ಲೋ ಬೆಳೆದ ಮಕ್ಕಳಿದ್ದಾರೆ. ೧೯೬೮ರಲ್ಲಿ ಪಶ್ಚಿಮ ಜರ್ಮನಿ ಕೂಲಿಗಾರರಿಗಾಗಿ ಯುಗೊಸ್ಲಾವಿಯದೊಡನೆ ಒಪ್ಪಂದ ಮಾಡಿಕೊಂಡ ಮೇಲೆ ಲಕ್ಷಾಂತರ ಜನ ಕಾರ್ಖಾನೆಗಳಿಗೆ ಹೋದರು. ಎರಡು ದಶಕಗಳ ಅನಂತರ ಯುದ್ಧ ಇನ್ನೂ ಲಕ್ಷಾಂತರ ಜನರನ್ನು ಅಟ್ಟಿತು. ಮೊದಲು ಹೋದವರು ಹಣ ಕೂಡಿಸಿ ಊರಿನಲ್ಲಿ ಮನೆ ಕಟ್ಟಿಸುವ ಯೋಚನೆಯಲ್ಲಿದ್ದರು. ಅವರ ಮಕ್ಕಳು “ನಿಮ್ಮ ಮೂಲ ಯಾವುದು?” ಎಂದು ಶಾಲೆಯಲ್ಲಿ ಕೇಳಿದಾಗ ಹೇಳುತ್ತಿದ್ದ ಒಂದು ಪದ ಇದ್ದಕ್ಕಿದ್ದಂತೆ ನಿಘಂಟಿನಿಂದ ಕಳಚಿಬಿತ್ತು. ನಮ್ಮಲ್ಲಿ ಊರು ಬಿಟ್ಟವನಿಗೆ ಊರು ಇರುತ್ತದೆ, ಹೋಗದಿದ್ದರೂ ಇರುತ್ತದೆ. ಇವರಿಗೆ ಊರೇನೋ ಇತ್ತು. ಅದು ಯಾವ ದೇಶದಲ್ಲಿದೆ ಎಂಬುದನ್ನು ಹೊಸದಾಗಿ ಕಲಿಯಬೇಕಾಯಿತು.

ಹಾಗೆ ಕಲಿತವರಲ್ಲಿ ಒಬ್ಬರ ಪುಸ್ತಕ ನನಗೆ ಇಂಗ್ಲಿಷ್ ಅನುವಾದದಲ್ಲಿ ಸಿಕ್ಕಿತು. ಸಾಶಾ ಸ್ತಾನಿಶಿಚ್ ಹುಟ್ಟಿದ್ದು ೧೯೭೮ರಲ್ಲಿ, ಆಂದ್ರಿಚ್ ಬೆಳೆದ ಅದೇ ವಿಶೆಗ್ರಾದ್‌ನಲ್ಲಿ. ತಂದೆ ಸರ್ಬಿಯನ್ ಮೂಲದವರು. ತಾಯಿಯದು ಬೋಸ್ನಿಯದ ಮುಸಲ್ಮಾನ ಮನೆತನ. ೧೯೯೨ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಹುಡುಗ ತಾಯಿಯೊಡನೆ ಊರು ಬಿಟ್ಟು ಜರ್ಮನಿಯ ಹೈಡೆಲ್‌ಬರ್ಗ್ ಸೇರಿದ. ಊರಿನಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತಿದ್ದ ತಾಯಿ ಅಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದರು. ಅರ್ಥಶಾಸ್ತ್ರ ಓದಿದ ತಂದೆ ಕಟ್ಟಡದ ಕೆಲಸಕ್ಕೆ ಹೋದರು. ಕೆಲವು ವರ್ಷಗಳ ಮೇಲೆ ತಂದೆತಾಯಿಗಳು ಜರ್ಮನಿಯನ್ನೂ ಬಿಡಬೇಕಾಗಿ ಬಂದು ಅಮೆರಿಕಕ್ಕೆ ಹೋದರು. ಮಗ ಉಳಿದುಕೊಂಡ, ಜರ್ಮನ್ ಭಾಷೆಯ ಲೇಖಕನಾದ. ೨೦೧೯ರಲ್ಲಿ ‘ಮೂಲ’ ಎಂಬರ್ಥದ ಹೆಸರಿಟ್ಟು ಅವರು ಪ್ರಕಟಿಸಿದ ಪುಸ್ತಕಕ್ಕೆ ಆ ವರ್ಷದ ಜರ್ಮನ್ ಪುಸ್ತಕ ಪಾರಿತೋಷಕ ಬಂತು. ಅದು ಆತ್ಮಕಥೆಯೋ ಕಾದಂಬರಿಯೋ ಎಂದು ವಿಮರ್ಶಕರು ಚರ್ಚಿಸಿದ್ದಾರೆ. ನಮ್ಮಂಥ ಮೇಷ್ಟರಿಗೆ ಪ್ರಕಾರದ ಪ್ರಶ್ನೆ ಪ್ರಿಯವಾದದ್ದು. ಆದರೂ ಈ ಪುಸ್ತಕವನ್ನು ಓದುವಾಗ ಅದು ನನಗೆ ನೆನಪಾಗಲಿಲ್ಲ.

ಜರ್ಮನಿಯ ಪೌರತ್ವಕ್ಕೆ ಅರ್ಜಿ ಹಾಕುವಾಗ ಕೈಬರಹದಲ್ಲಿ ತನ್ನ ಜೀವನವೃತ್ತಾಂತವನ್ನು ಬರೆದುಕೊಡಬೇಕಾದ ಪ್ರಸಂಗ ಆ ಪುಸ್ತಕದಲ್ಲಿ ಬರುತ್ತದೆ. ಮೊದಲ ಸಾಲಿಗೇ ಅವನು ತಡವರಿಸುತ್ತಾನೆ. ಹುಟ್ಟಿದ ದಿನವನ್ನು ಬರೆಯಬಹುದು. ಹುಟ್ಟಿದ ದೇಶವನ್ನು ಬರೆಯುವುದು ಹೇಗೆ? ಇಲ್ಲದ ದೇಶವನ್ನು ಬರೆದರೆ ಕಚೇರಿಯವರು ಒಪ್ಪುವರೇ? ಇರುವ ದೇಶವನ್ನು ಬರೆದರೆ ಅದು ನಿಜವಾಗುವುದೇ? ನನ್ನ ವಿದ್ಯಾರ್ಥಿನಿ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಕೇಳಿದ ಪ್ರಶ್ನೆಯೂ ಇದೇ.

ಆ ದೇಶದ ಆಯುಷ್ಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅಗತ್ಯ. ಮೊದಲನೆಯ ಮಹಾಯುದ್ಧ ಮುಗಿದಾಗ, ೧೯೧೮ರ ಡಿಸೆಂಬರ್ ೧ರಂದು, ಸರ್ಬರ, ಕ್ರೊಯೇಟರ ಮತ್ತು ಸ್ಲೊವೀನರ ರಾಜ್ಯವೆಂದು ಅದು ಹುಟ್ಟಿತು. ೧೯೨೯ರಲ್ಲಿ ಯುಗೊಸ್ಲಾವಿಯವೆಂಬ ಹೆಸರು ಬಂತು. ೧೯೪೧ರಲ್ಲಿ ಹಿಟ್ಲರನ ದಾಳಿಯಿಂದ ಒಡೆದು, ಅಣ್ಣತಮ್ಮಂದಿರೇ ಒಬ್ಬರನ್ನೊಬ್ಬರು ಕೊಂದ ನಾಲ್ಕು ವರ್ಷಗಳ ಬಳಿಕ, ಟಿಟೊ ಅವರ ನಾಯಕತ್ವದಲ್ಲಿ ಆರು ಗಣರಾಜ್ಯಗಳ ಒಕ್ಕೂಟವಾಗಿ ಮತ್ತೆ ಎದ್ದು ನಿಂತಿತು: ಸ್ಲೊವೇನಿಯ, ಕ್ರೊಯೇಷಿಯ, ಬೋಸ್ನಿಯ-ಹೆರ್ಜೆಗೊವೀನ, ಸರ್ಬಿಯ, ಮಾಂಟೆನೀಗ್ರೊ, ಮ್ಯಾಸಿಡೋನಿಯ. ಸರ್ಬಿಯದೊಳಗೆ ವೊಯ್ವೊದಿನಾ, ಕೊಸೊವೊ ಎಂಬ ಎರಡು ಸ್ವಾಯತ್ತ ಪ್ರಾಂತಗಳು. ೧೯೮೦ರ ಮೇ ತಿಂಗಳಲ್ಲಿ ಟಿಟೊ ತೀರಿಕೊಂಡರು. ಅವರ ಕುರ್ಚಿಯಲ್ಲಿ ಎಂಟು ಪ್ರದೇಶಗಳ ಎಂಟು ಮಂದಿ ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಕೂರುವ ಏರ್ಪಾಡು ಬಂತು. ಹೊರದೇಶಗಳ ಸಾಲ ಸುಮಾರು ೨,೦೦೦ ಕೋಟಿ ಡಾಲರಿಗೆ ಏರಿತ್ತು. ೧೯೮೯ರಲ್ಲಿ ಬೆಲೆಗಳು ಒಂದೇ ವರ್ಷದಲ್ಲಿ ಹತ್ತು ಪಟ್ಟಿಗೂ ಮೀರಿ ಏರಿದುವು. ಸಂಬಳ ಪಡೆದ ದಿನವೇ ಅದನ್ನು ಖರ್ಚು ಮಾಡದಿದ್ದರೆ ಮರುವಾರ ಅದು ಬರಿಯ ಕಾಗದ.

ಅವರದು ಶತಮಾನಗಳ ಹಗೆ, ಒಡೆಯಲೇಬೇಕಾಗಿತ್ತು ಎಂದು ಹೇಳುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ಹಗೆಯೇ ಮೂಲವಾಗಿದ್ದರೆ ಅಷ್ಟೊಂದು ಮಿಶ್ರವಿವಾಹಗಳು ನಡೆಯುತ್ತಿರಲಿಲ್ಲ. ೧೯೮೧ರ ಜನಗಣತಿಯಲ್ಲಿ ೧೨ ಲಕ್ಷಕ್ಕೂ ಮೇಲ್ಪಟ್ಟು ಜನ, ತಾವು ಸರ್ಬರೂ ಅಲ್ಲ, ಕ್ರೊಯೇಟರೂ ಅಲ್ಲ, ಯುಗೊಸ್ಲಾವರು ಎಂದು ಬರೆಸಿದ್ದರು. ಹಳೆಯ ನೋವುಗಳಿದ್ದುದು ನಿಜ. ೧೯೪೧ರಿಂದ ೧೯೪೫ರವರೆಗಿನ ಕೊಲೆಗಳ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಒಪ್ಪಿಸಿರಲಿಲ್ಲ. ಆದರೆ ನೋವು ತಾನಾಗಿ ಬಂದೂಕು ಹಿಡಿಯುವುದಿಲ್ಲ. ಬರಿಗೈಯಾದ ಖಜಾನೆಯ ಎದುರಿಗೆ ನಿಂತ ರಾಜಕಾರಣಿಗಳಿಗೆ ಆ ನೋವನ್ನು ಕೆದಕುವುದು ಅನುಕೂಲವಾಯಿತು. ಬೆಲ್‌ಗ್ರೇಡ್‌ನಲ್ಲಿ ಮಿಲೊಶೆವಿಚ್, ಜಾಗ್ರೆಬ್‌ನಲ್ಲಿ ತುಜ್ಮನ್ ಆ ಕೆಲಸವನ್ನು ಯಾವ ಸಂಕೋಚವೂ ಇಲ್ಲದೆ ಮಾಡಿದರು.

ಸ್ತಾನಿಶಿಚ್ ಅವರ ಪುಸ್ತಕದಲ್ಲಿ ಒಂದು ಫುಟ್‌ಬಾಲ್ ಪಂದ್ಯದ ನೆನಪು ಬರುತ್ತದೆ. ೧೯೯೧ರ ಏಪ್ರಿಲ್‌ನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡ ಮ್ಯೂನಿಕ್ ನಗರದ ಬಯರ್ನ್ ತಂಡದೊಡನೆ ಆಡಿತು. ಹುಡುಗ ತಂದೆಯ ಜೊತೆ ಕ್ರೀಡಾಂಗಣದಲ್ಲಿದ್ದ. ಆ ತಂಡದಲ್ಲಿ ಕ್ರೊಯೇಷಿಯನ್ ತಂದೆಯ ಮಗ ಪ್ರೊಸಿನೆಚ್ಕಿ, ಮ್ಯಾಸಿಡೋನಿಯದ ಪಾಂಚೆವ್, ಮಾಂಟೆನೀಗ್ರೊದ ಸಾವಿಚೆವಿಚ್ ಒಟ್ಟಿಗೆ ಆಡುತ್ತಿದ್ದರು. ಮೇ ೨೯ರಂದು ಇಟಲಿಯ ಬಾರಿ ನಗರದಲ್ಲಿ ಅವರು ಯೂರೋಪಿನ ಕಪ್ಪನ್ನೇ ಗೆದ್ದರು. ಅದಾಗಿ ಒಂದು ತಿಂಗಳು ತುಂಬುವ ಮೊದಲೇ, ಜೂನ್ ೨೫ರಂದು, ಸ್ಲೊವೇನಿಯ ಮತ್ತು ಕ್ರೊಯೇಷಿಯ ಸ್ವಾತಂತ್ರ್ಯ ಘೋಷಿಸಿದುವು. ಸೆಪ್ಟೆಂಬರಿನಲ್ಲಿ ಮ್ಯಾಸಿಡೋನಿಯ, ಮರುವರ್ಷದ ಮಾರ್ಚಿನಲ್ಲಿ ಬೋಸ್ನಿಯ. ಉಳಿದ ಸರ್ಬಿಯ ಮತ್ತು ಮಾಂಟೆನೀಗ್ರೊ ೨೦೦೬ರಲ್ಲಿ ಬೇರೆಯಾದುವು. ೨೦೦೮ರಲ್ಲಿ ಕೊಸೊವೊ ತಾನೂ ಸ್ವತಂತ್ರವೆಂದಿತು. ಅದನ್ನು ಸರ್ಬಿಯ ಒಪ್ಪಿಲ್ಲ, ನಮ್ಮ ಭಾರತವೂ ಮಾನ್ಯ ಮಾಡಿಲ್ಲ. ನಮ್ಮವರೇ ಆಗಿಹೋದ ಮದರ್ ತೆರೇಸಾ ೧೯೧೦ರಲ್ಲಿ ಹುಟ್ಟಿದ ಸ್ಕೊಪ್ಯೆ ನಗರವನ್ನು ನೋಡಿ: ಆಗ ತುರ್ಕಿಯ ಸಾಮ್ರಾಜ್ಯ, ಆಮೇಲೆ ಸರ್ಬಿಯ, ಆಮೇಲೆ ಯುಗೊಸ್ಲಾವಿಯ, ೧೯೯೧ರಿಂದ ಮ್ಯಾಸಿಡೋನಿಯ, ೨೦೧೯ರಿಂದ ಉತ್ತರ ಮ್ಯಾಸಿಡೋನಿಯ. ಮನೆ ಕದಲಲಿಲ್ಲ, ಅದರ ವಿಳಾಸ ಮಾತ್ರ ಬದಲಾಗುತ್ತ ಹೋಯಿತು.

ಬೋಸ್ನಿಯದ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ೧೯೯೫ರ ಜುಲೈನಲ್ಲಿ ಸ್ರೆಬ್ರೆನಿತ್ಸ ಎಂಬ ಒಂದೇ ಊರಿನ ಸುತ್ತ ಎಂಟು ಸಾವಿರಕ್ಕೂ ಮೇಲ್ಪಟ್ಟು ಗಂಡಸರನ್ನೂ ಹುಡುಗರನ್ನೂ ಕೊಂದರು. ಈ ಸಂಖ್ಯೆಗಳ ಮುಂದೆ ಪುಸ್ತಕದ ಮಾತು ಆಡುವುದು ಸಣ್ಣತನವೆನಿಸಬಹುದು. ಆದರೂ ಹೇಳದಿರಲಾರೆ: ೧೯೯೨ರ ಆಗಸ್ಟ್ ೨೫ರ ರಾತ್ರಿ ಸುತ್ತಲ ಬೆಟ್ಟಗಳ ಮೇಲಿದ್ದ ಸರ್ಬಿಯನ್ ಸೇನೆ ಸರಾಯೆವೊ ನಗರದ ರಾಷ್ಟ್ರೀಯ ಗ್ರಂಥಾಲಯದ ಮೇಲೆ ಬೆಂಕಿಯ ಗುಂಡುಗಳನ್ನು ಸುರಿಸಿತು. ಲಕ್ಷಾಂತರ ಗ್ರಂಥಗಳು, ಅಪೂರ್ವ ಹಸ್ತಪ್ರತಿಗಳು ಉರಿದುಹೋದುವು; ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಆದಷ್ಟು ಪುಸ್ತಕಗಳನ್ನು ಹೊರತಂದರು. ಕಾಗದದ ಬೂದಿ ದಿನಗಟ್ಟಲೆ ಊರಿನ ಮೇಲೆ ಬಿತ್ತೆಂದು ನೋಡಿದವರು ಬರೆದಿದ್ದಾರೆ. ಕಟ್ಟಡವನ್ನು ಮತ್ತೆ ಕಟ್ಟಿ ೨೦೧೪ರಲ್ಲಿ ಬಾಗಿಲು ತೆರೆದರು. ಅತ್ತ ಕ್ರೊಯೇಷಿಯದ ಕೆಲವು ಗ್ರಂಥಾಲಯಗಳಿಂದ ಸಿರಿಲಿಕ್ ಲಿಪಿಯ ಪುಸ್ತಕಗಳನ್ನು ಬೆಂಕಿಯ ಸಹಾಯವಿಲ್ಲದೆಯೇ, ಕಸದ ಗಾಡಿಗೆ ತುಂಬಿ ಸಾಗಿಸಿದರು.

ಇನ್ನು ಭಾಷೆ. ಕನ್ನಡದ ಅಧ್ಯಾಪಕನಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಭಾಗ ಇದು. ೧೮೫೦ರಲ್ಲಿ ವಿಯೆನ್ನಾದಲ್ಲಿ ಸೇರಿದ ಕೆಲವು ವಿದ್ವಾಂಸರು, ವುಕ್ ಕರಾಜಿಚ್ ಅವರಲ್ಲೊಬ್ಬರು, ಸರ್ಬರಿಗೂ ಕ್ರೊಯೇಟರಿಗೂ ಸಾಹಿತ್ಯಭಾಷೆ ಒಂದೇ ಆಗಲೆಂದು ಸಹಿ ಮಾಡಿದರು. ಕರಾಜಿಚ್ ಹಳ್ಳಿಗರ ಬಾಯಿಂದ ಲಾವಣಿಗಳನ್ನು ಸಂಗ್ರಹಿಸಿ, ನಿಘಂಟು ರಚಿಸಿ, ಆಡಿದಂತೆ ಬರೆಯಬೇಕೆಂದು ಹಟಹಿಡಿದು ಸಾಧಿಸಿದವರು. ಒಂದೇ ಭಾಷೆಗೆ ಸಿರಿಲಿಕ್, ರೋಮನ್ ಎಂಬ ಎರಡು ಲಿಪಿಗಳು; ಒಂದರ ಅಕ್ಷರಕ್ಕೆ ಇನ್ನೊಂದರಲ್ಲಿ ಸರಿಜೋಡಿ. ೧೯೫೪ರಲ್ಲಿ ನೋವಿ ಸಾದ್ ನಗರದ ಒಪ್ಪಂದ ಮತ್ತೊಮ್ಮೆ ಅದನ್ನು ಒಂದೇ ಭಾಷೆಯೆಂದಿತು. ೧೯೬೭ರಲ್ಲಿ ಕ್ರೊಯೇಷಿಯದ ಲೇಖಕರು, ನಮ್ಮ ಭಾಷೆಯ ಹೆಸರು ನಮಗಿರಲಿ ಎಂದು ಘೋಷಣೆ ಹೊರಡಿಸಿದರು. ದೇಶ ಒಡೆದ ಮೇಲೆ ಸರ್ಬೊ-ಕ್ರೊಯೇಷಿಯನ್ ಎಂಬ ಆ ಒಂದು ಭಾಷೆಗೆ ನಾಲ್ಕು ಹೆಸರುಗಳಾದುವು: ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಮಾಂಟೆನೀಗ್ರಿನ್.

ವ್ಯತ್ಯಾಸ ಎಷ್ಟು? ಹಾಲಿಗೆ ಒಬ್ಬರು ‘ಮ್ಲೆಕೊ’ ಎಂದರೆ ಇನ್ನೊಬ್ಬರು ‘ಮ್ಲಿಯೆಕೊ’ ಎನ್ನುತ್ತಾರೆ. ಬ್ರೆಡ್ಡು ಬೆಲ್‌ಗ್ರೇಡ್‌ನಲ್ಲಿ ‘ಹ್ಲೆಬ್’, ಜಾಗ್ರೆಬ್‌ನಲ್ಲಿ ‘ಕ್ರುಹ್’. ಕಾಫಿ ಒಂದೆಡೆ ‘ಕಾಫಾ’, ಒಂದೆಡೆ ‘ಕಾವಾ’, ಸರಾಯೆವೊದಲ್ಲಿ ‘ಕಾಹ್ವಾ’. ನಮ್ಮ ಧಾರವಾಡದ ಆಡುಮಾತಿಗೂ ಕುಂದಾಪುರದ ಆಡುಮಾತಿಗೂ ಇರುವ ಅಂತರ ಇದಕ್ಕಿಂತ ಮಿಗಿಲು. ಅದನ್ನು ನಾವು ಕನ್ನಡದ ಸಂಪತ್ತೆಂದು ಪಾಠ ಹೇಳುತ್ತೇವೆ. ೧೯೯೯ರಲ್ಲಿ ‘ರಾನೆ’ ಎಂಬ ಸರ್ಬಿಯದ ಚಲಚ್ಚಿತ್ರವನ್ನು ಜಾಗ್ರೆಬ್‌ನಲ್ಲಿ ಕ್ರೊಯೇಷಿಯನ್ ಅಡಿಬರಹಗಳೊಡನೆ ತೋರಿಸಿದಾಗ, ಪಾತ್ರದ ಮಾತೂ ಅಡಿಬರಹವೂ ಹೆಚ್ಚುಕಡಿಮೆ ಒಂದೇ ಆಗಿದ್ದು ಪ್ರೇಕ್ಷಕರು ನಕ್ಕರಂತೆ. ಬೋಸ್ನಿಯದ ಸಿಗರೇಟು ಪೊಟ್ಟಣದ ಮೇಲೆ ‘ಧೂಮಪಾನ ಕೊಲ್ಲುತ್ತದೆ’ ಎಂಬ ಎಚ್ಚರಿಕೆಯನ್ನು ಮೂರು ಭಾಷೆಗಳ ಹೆಸರಿನಲ್ಲಿ ಮೂರು ಸಲ ಮುದ್ರಿಸಿದ್ದುಂಟು. ಎರಡು ಸಾಲು ಅಕ್ಷರಶಃ ಒಂದೇ, ಮೂರನೆಯದು ಅದೇ ಮಾತು ಸಿರಿಲಿಕ್ ಲಿಪಿಯಲ್ಲಿ. ಯುದ್ಧಾಪರಾಧಗಳನ್ನು ವಿಚಾರಿಸಿದ ಹೇಗ್ ನಗರದ ನ್ಯಾಯಾಸ್ಥಾನ ಮಾತ್ರ ಮೂರು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಒಂದು ಗುರುತು ಮಾಡಿಕೊಂಡು, ಒಬ್ಬ ದುಭಾಷಿಯಿಂದಲೇ ಕೆಲಸ ತೆಗೆಯಿತು. ೨೦೧೭ರಲ್ಲಿ ನಾಲ್ಕೂ ದೇಶಗಳ ಲೇಖಕರು, ಭಾಷಾಶಾಸ್ತ್ರಜ್ಞರು ಸರಾಯೆವೊದಲ್ಲಿ ಒಂದು ಘೋಷಣೆ ಹೊರಡಿಸಿ, ಹೆಸರು ಯಾರು ಏನನ್ನಾದರೂ ಇಟ್ಟುಕೊಳ್ಳಲಿ, ಭಾಷೆ ನಮ್ಮೆಲ್ಲರದೂ ಒಂದೇ ಎಂದರು. ಅವರನ್ನು ದ್ರೋಹಿಗಳೆಂದವರೂ ಇದ್ದರು.

ನಗುವುದು ಸುಲಭ. ಆದರೆ ತನ್ನ ಮಾತಿಗೆ ತನ್ನ ಹೆಸರು ಬೇಕೆಂಬ ಆಸೆ ನಗೆಪಾಟಲಿನದಲ್ಲ. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಸೀಮೆಗಳು ೧೯೫೬ರಲ್ಲಿ ಒಂದಾದುದನ್ನು ಹಬ್ಬವಾಗಿ ಆಚರಿಸುವ ನಾವು ಅದನ್ನು ಹಗುರವಾಗಿ ಕಾಣಲಾರೆವು. ಕ್ರೊಯೇಷಿಯದ ಲೇಖಕರು ೧೯೬೭ರಲ್ಲಿ ಕೇಳಿದ್ದರಲ್ಲಿ ನ್ಯಾಯವಿತ್ತು. ಆದರೆ ಮೂವತ್ತು ವರ್ಷಗಳ ಮೇಲೆ ಗ್ರಂಥಾಲಯದ ಹಿತ್ತಿಲಲ್ಲಿ ಪುಸ್ತಕಗಳನ್ನು ಕಸದ ಗಾಡಿಗೆ ತುಂಬಿದವರು ಆ ನ್ಯಾಯವನ್ನು ತಮ್ಮದೆಂದು ಹೇಳಿಕೊಳ್ಳುವಂತಿಲ್ಲ.

ಈ ಇಕ್ಕಟ್ಟನ್ನು ಅಧ್ಯಾಪಕಿಯೊಬ್ಬಳ ಕಣ್ಣಿನಿಂದ ಕಂಡ ಕಾದಂಬರಿಯೂ ಇದೆ. ದುಬ್ರಾವ್ಕಾ ಉಗ್ರೆಶಿಚ್ ಜಾಗ್ರೆಬ್ ವಿಶ್ವವಿದ್ಯಾನಿಲಯದಲ್ಲಿದ್ದವರು. ಯುದ್ಧೋನ್ಮಾದವನ್ನು ಖಂಡಿಸಿ ಬರೆದದ್ದಕ್ಕಾಗಿ ಪತ್ರಿಕೆಗಳ ನಿಂದೆಗೆ ಗುರಿಯಾಗಿ ೧೯೯೩ರಲ್ಲಿ ದೇಶ ಬಿಟ್ಟರು. ೨೦೨೩ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡರು. ೨೦೦೪ರಲ್ಲಿ ಪ್ರಕಟವಾದ ಅವರ ‘ನೋವಿನ ಮಂತ್ರಾಲಯ’ದಲ್ಲಿ ತಾನ್ಯಾ ಎಂಬ ಅಧ್ಯಾಪಕಿ ಆಮ್‌ಸ್ಟರ್‌ಡಾಮಿನಲ್ಲಿ, ಒಡೆದ ದೇಶದ ಎಲ್ಲ ತುಂಡುಗಳಿಂದ ಓಡಿಬಂದ ಯುವಕ ಯುವತಿಯರಿಗೆ, ಈಗ ಇಲ್ಲದ ದೇಶದ ಸಾಹಿತ್ಯವನ್ನು ಕಲಿಸಬೇಕಾಗಿದೆ. ಪಠ್ಯವನ್ನು ಪಕ್ಕಕ್ಕಿಟ್ಟು ಅವಳು ಅವರಿಗೆ, ನಿಮ್ಮ ನಿಮ್ಮ ನೆನಪಿನ ವಸ್ತುಗಳನ್ನು ಬರೆಯಿರಿ ಎನ್ನುತ್ತಾಳೆ. ಕೆಂಪು, ಬಿಳಿ, ನೀಲಿ ಪಟ್ಟೆಗಳ ಅಗ್ಗದ ಪ್ಲಾಸ್ಟಿಕ್ ಚೀಲವೊಂದು ಬರುತ್ತದೆ. ವಲಸೆಗಾರರೆಲ್ಲರ ಕೈಯಲ್ಲಿದ್ದ ಚೀಲ ಅದು. ತಿಂಡಿ, ಹಾಡು, ರೈಲು ಪ್ರಯಾಣ ಬರುತ್ತವೆ. ಸ್ವಲ್ಪ ದಿನ ತರಗತಿ ಒಂದು ಮನೆಯಂತಾಗುತ್ತದೆ. ಆಮೇಲೆ ಯಾರೋ ವಿಭಾಗದ ಮುಖ್ಯಸ್ಥರಿಗೆ, ಇವರು ಪಾಠವನ್ನೇ ಮಾಡುತ್ತಿಲ್ಲ, ಎಂದು ದೂರು ಕೊಡುತ್ತಾರೆ. ತರಗತಿಯಲ್ಲಿ ಹಂಚಿಕೊಂಡ ನೆನಪು ಸಿಹಿಯದೇ ಆಗಿರಬೇಕಾಗಿಲ್ಲ. ಅಲ್ಲಿಯೇ ಕುಳಿತ ಹುಡುಗನೊಬ್ಬನ ತಂದೆ ಯುದ್ಧಾಪರಾಧಿಯಾಗಿ ಹೇಗ್ ನ್ಯಾಯಾಸ್ಥಾನದ ಕಟಕಟೆಯಲ್ಲಿರುತ್ತಾನೆ. ಆ ಹುಡುಗ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತ ನನಗೆ ಆ ಪುಟಗಳನ್ನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ.

ಮೊಮ್ಮಕ್ಕಳು ಕಲಿಯಬೇಕಾದದ್ದು ಬರಿಯ ಹಾಡು ತಿಂಡಿಗಳನ್ನಲ್ಲ ಎಂಬುದಕ್ಕೆ ವಿಶೆಗ್ರಾದ್ ಊರೇ ಸಾಕು. ಅಲ್ಲಿಯ ಸೇತುವೆಗೆ ಹನ್ನೊಂದು ಕಮಾನುಗಳು. ಆ ಸೀಮೆಯ ಸೊಕೊಲೊವಿಚ್ ಹಳ್ಳಿಯ ಕ್ರೈಸ್ತ ಬಾಲಕನೊಬ್ಬನನ್ನು ತುರ್ಕಿಯವರು ರಕ್ತಗಾಣಿಕೆಯಾಗಿ ಒಯ್ದರು. ಅವನು ಬೆಳೆದು ಸಾಮ್ರಾಜ್ಯದ ಮಹಾಮಂತ್ರಿ ಮೆಹ್ಮದ್ ಪಾಷಾ ಆದ. ಸಾಮ್ರಾಜ್ಯದ ಮಹಾಶಿಲ್ಪಿ ಸಿನಾನನಿಂದ ೧೫೭೧ರಿಂದ ೧೫೭೭ರವರೆಗೆ ಆ ಸೇತುವೆಯನ್ನು ಕಟ್ಟಿಸಿದ. ತಾಯಿಯಿಂದ ಕಿತ್ತು ಒಯ್ದ ದಿನ ದೋಣಿಯಲ್ಲಿ ನದಿ ದಾಟುವಾಗ ಎದೆಯಲ್ಲಿ ಹುಟ್ಟಿದ ನೋವು ಮುಪ್ಪಿನವರೆಗೂ ಅವನನ್ನು ಬಿಡಲಿಲ್ಲವೆಂದು ಆಂದ್ರಿಚ್ ಕಲ್ಪಿಸಿದ್ದಾರೆ. ಕಾದಂಬರಿಯ ಮೂಲ ಹೆಸರಿನಲ್ಲಿ ಸೇತುವೆಗೆ ಅವರು ಬಳಸಿದ್ದು ‘ಮೋಸ್ತ್’ ಎಂಬ ಸ್ಲಾವ್ ಪದವನ್ನಲ್ಲ, ‘ಚುಪ್ರಿಯಾ’ ಎಂಬ ತುರ್ಕಿಯ ಮೂಲದ ಪದವನ್ನು. ಇಂಥ ನೂರಾರು ಪದಗಳು ಆ ನುಡಿಯಲ್ಲಿ ಕರಗಿಹೋಗಿವೆ. ಸಕ್ಕರೆಗೆ ಅವರು ‘ಶೆಚೆರ್’ ಎನ್ನುತ್ತಾರೆ. ಸಂಸ್ಕೃತದ ‘ಶರ್ಕರಾ’ ಪಾರಸಿಗೆ ಹೋಗಿ, ಅಲ್ಲಿಂದ ತುರ್ಕಿಗೆ ಹೋಗಿ, ದ್ರಿನಾ ದಂಡೆಯನ್ನು ಮುಟ್ಟಿತು. ಅದೇ ‘ಶರ್ಕರಾ’ ಪ್ರಾಕೃತದ ದಾರಿಯಿಂದ ನಮ್ಮಲ್ಲಿಗೆ ಬಂದು ಸಕ್ಕರೆಯಾಯಿತು. ಆ ಪದವನ್ನು ಯಾವ ದೇಶದ್ದೆಂದು ಬರೆದುಕೊಳ್ಳುವುದೋ ವಿದ್ಯಾರ್ಥಿನಿ ಕೇಳಲಿಲ್ಲ, ನನ್ನ ಪುಣ್ಯ.

೧೯೯೧ರಲ್ಲಿ ವಿಶೆಗ್ರಾದ್ ಸೀಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಸಲ್ಮಾನರು. ೧೯೯೨ರ ಬೇಸಗೆಯಲ್ಲಿ ಸರ್ಬಿಯನ್ ಪಡೆಗಳು ಅವರನ್ನು ಅದೇ ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಕೊಂದು ನದಿಗೆ ಎಸೆದುವು; ಹೆಂಗಸರನ್ನೂ ಮಕ್ಕಳನ್ನೂ ಮನೆಗಳಲ್ಲಿ ಕೂಡಿಹಾಕಿ ಬೆಂಕಿಯಿಟ್ಟುವು. ಆ ಕೊಲೆಗಡುಕರ ಮುಖಂಡ ಮಿಲಾನ್ ಲುಕಿಚ್‌ಗೆ ಹೇಗ್ ನ್ಯಾಯಾಸ್ಥಾನ ೨೦೦೯ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ೨೦೧೨ರಲ್ಲಿ ಮೇಲ್ಮನವಿಯ ಪೀಠವೂ ಅದನ್ನು ಎತ್ತಿಹಿಡಿಯಿತು. ೨೦೧೦ರಲ್ಲಿ ಅಣೆಕಟ್ಟಿನ ದುರಸ್ತಿಗಾಗಿ ಕೆಳಗಿನ ಪೆರುಚಾತ್ಸ್ ಜಲಾಶಯದ ನೀರನ್ನು ಇಳಿಸಿದಾಗ ಕೆಸರಿನಲ್ಲಿ ಎಲುಬುಗಳು ಕಂಡುವು. ಅದಕ್ಕೆ ಮೂರು ವರ್ಷ ಮೊದಲು, ೨೦೦೭ರಲ್ಲಿ, ಸೇತುವೆ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ೨೦೧೪ರಲ್ಲಿ ಚಿತ್ರನಿರ್ದೇಶಕ ಕುಸ್ತುರಿತ್ಸ ಅದರ ಹತ್ತಿರವೇ ಆಂದ್ರಿಚ್ ಹೆಸರಿನಲ್ಲಿ ಕಲ್ಲಿನ ಒಂದು ಪುಟ್ಟ ಪಟ್ಟಣವನ್ನೇ ಕಟ್ಟಿಸಿ ತೆರೆದರು. ಪ್ರವಾಸಿಗಳು ಬರುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಸೇತುವೆಯ ನಡುವೆ, ಆಂದ್ರಿಚ್ ಪ್ರೀತಿಯಿಂದ ವರ್ಣಿಸಿದ ಕಲ್ಲಿನ ಜಗಲಿಯ ಮೇಲೆ ಕುಳಿತು ನೀರನ್ನು ನೋಡುವವರೆಲ್ಲರಿಗೂ ೧೯೯೨ರ ಕಥೆಯನ್ನು ಯಾರಾದರೂ ಹೇಳುತ್ತಾರೆಯೆ ಎಂಬುದು ಬೇರೆ ಮಾತು. ಸ್ತಾನಿಶಿಚ್ ಹೇಳಿದ್ದಾರೆ. ೨೦೧೯ರಲ್ಲಿ, ಸರ್ಬಿಯದ ಪಕ್ಷ ವಹಿಸಿ ಬರೆದಿದ್ದ ಪೀಟರ್ ಹಾಂಡ್ಕೆಗೆ ನೊಬೆಲ್ ಘೋಷಿಸಿದ ವಾರದಲ್ಲೇ ಅವರಿಗೆ ತಮ್ಮ ಪಾರಿತೋಷಕ ಬಂತು. ಸ್ವೀಕಾರದ ಭಾಷಣವನ್ನು ಅವರು ಕೃತಜ್ಞತೆಗೆ ವಿನಿಯೋಗಿಸಲಿಲ್ಲ, ತನ್ನ ಊರಿನಲ್ಲಿ ಏನು ನಡೆಯಿತೆಂಬುದನ್ನು ಮರೆಸುವ ಬರಹಕ್ಕೆ ಪ್ರತಿಭಟನೆಯಾಗಿ ಬಳಸಿದರು.

ಅವರ ಪುಸ್ತಕ ಆರಂಭವಾಗುವುದು ಅಜ್ಜಿಯಿಂದ. ಎಂಬತ್ತೇಳು ವರ್ಷದ ಅಜ್ಜಿ ಬೀದಿಯಲ್ಲಿ ಒಬ್ಬ ಹುಡುಗಿಯನ್ನು ಕಂಡು ಅವಳನ್ನು ಮನೆಗೆ ಕರೆಯಲು ಕೆಳಗಿಳಿಯುತ್ತಾಳೆ. ಬೀದಿಯಲ್ಲಿ ಯಾರೂ ಇಲ್ಲ. ಆ ಹುಡುಗಿ ಹನ್ನೊಂದು ವರ್ಷದ ತಾನೇ. ಅಜ್ಜಿಗೆ ಮರೆವಿನ ರೋಗ. ಒಂದೊಂದಾಗಿ ಅವಳ ಮನಸ್ಸಿನಿಂದ ಗಂಡ, ಮಗ, ಮೊಮ್ಮಗ ಜಾರಿಹೋಗುತ್ತಿದ್ದಾಗ, ಮೊಮ್ಮಗ ನೆನಪುಗಳನ್ನು ಕೂಡಿಸಲು ತೊಡಗುತ್ತಾನೆ. ೨೦೦೯ರಲ್ಲಿ ಅದೇ ಅಜ್ಜಿ ಅವನನ್ನು ಬೆಟ್ಟದ ಮೇಲಿನ ಒಸ್ಕೊರುಶಾ ಎಂಬ ಹಳ್ಳಿಗೆ ಕರೆದೊಯ್ದಿದ್ದಳು. ಬೆರಳೆಣಿಕೆಯಷ್ಟು ಮುದುಕರು ಮಾತ್ರ ಉಳಿದಿದ್ದ ಹಳ್ಳಿ. ಸ್ಮಶಾನದ ಕಲ್ಲುಗಳ ಮೇಲೆಲ್ಲ ಅವನ ಮನೆತನದ ಹೆಸರು. ಆ ದೇಶದ ಪದ್ಧತಿಯಂತೆ ಸಮಾಧಿಯ ಬಳಿಯೇ ಕುಳಿತು ಊಟಮಾಡುತ್ತಾರೆ. ನೀನು ಇಲ್ಲಿಯವನು ಎನ್ನುತ್ತಾನೆ ಹಳ್ಳಿಯ ಮುದುಕ. ಮೊಮ್ಮಗ ಅದನ್ನು ಒಡನೆಯೇ ಒಪ್ಪುವುದಿಲ್ಲ. ಮಣ್ಣಿಗೂ ರಕ್ತಕ್ಕೂ ಗಂಟುಹಾಕಿದ ಮಾತುಗಳೇ ತನ್ನ ಊರನ್ನು ಸುಟ್ಟವೆಂಬುದನ್ನು ಬಲ್ಲವನು ಅವನು. ಆದರೂ ಹೆಸರು ಕೆತ್ತಿದ ಆ ಕಲ್ಲುಗಳಿಗೆ ಬೆನ್ನುಹಾಕಿ ಬರಲಾರ.

ಅವರ ನುಡಿಯಲ್ಲಿ ಇದಕ್ಕೆ ಎರಡು ಪದಗಳಿವೆ. ‘ದೊಮೊವಿನಾ’ ಎಂದರೆ ತಾಯ್ನಾಡು, ದೇಶ. ‘ಜಾವಿಚಾಯ್’ ಎಂದರೆ ಹುಟ್ಟಿ ಬೆಳೆದ ಸೀಮೆ, ನಮ್ಮ ಆಡುಮಾತಿನ ‘ನಮ್ಮ ಕಡೆ’ ಎಂಬುದಕ್ಕೆ ಹತ್ತಿರ. ಮೊದಲನೆಯದು ಏಳು ಪಾಲಾಯಿತು. ಎಷ್ಟರ ಮಟ್ಟಿಗೆಂದರೆ ದೂರವಾಣಿಯ ಸಂಖ್ಯೆ ಕೂಡ: ಯುಗೊಸ್ಲಾವಿಯದ ಸಂಕೇತ ೩೮ ಆಗಿತ್ತು, ಇಂದು ಸರ್ಬಿಯಕ್ಕೆ ೩೮೧, ಮಾಂಟೆನೀಗ್ರೊಗೆ ೩೮೨, ಕೊಸೊವೊಗೆ ೩೮೩, ಕ್ರೊಯೇಷಿಯಕ್ಕೆ ೩೮೫, ಸ್ಲೊವೇನಿಯಕ್ಕೆ ೩೮೬, ಬೋಸ್ನಿಯಕ್ಕೆ ೩೮೭, ಉತ್ತರ ಮ್ಯಾಸಿಡೋನಿಯಕ್ಕೆ ೩೮೯. ಧ್ವಜ, ನಾಣ್ಯ, ರಾಷ್ಟ್ರಗೀತೆ ಎಲ್ಲವನ್ನೂ ಬದಲಿಸಿದವರು ಆ ಎರಡು ಅಂಕಿಗಳನ್ನು ಮಾತ್ರ ಮನೆತನದ ಹೆಸರಿನಂತೆ ಉಳಿಸಿಕೊಂಡಿದ್ದಾರೆ. ಹೊರದೇಶದ ಮೊಮ್ಮಕ್ಕಳು ಅಜ್ಜಿಗೆ ಮಾತನಾಡಬೇಕಾದರೆ, ಅಜ್ಜಿ ಯಾವ ತುಂಡಿನಲ್ಲಿರಲಿ, ಮೊದಲು ಒತ್ತಬೇಕಾದದ್ದು ಮೂವತ್ತೆಂಟೇ.

ವಾರ ಕಳೆದ ಮೇಲೆ ಆ ವಿದ್ಯಾರ್ಥಿನಿ ಗ್ರಂಥಾಲಯದಿಂದ ಆಂದ್ರಿಚ್ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ತೆಗೆದುಕೊಂಡು ಅಧ್ಯಾಪಕರ ಕೊಠಡಿಗೆ ಬಂದಳು. ಊರುಗಳ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ. ಇದು ಎಲ್ಲಿದೆ ಸರ್, ಎಂದಳು. ನನ್ನ ಬಳಿ ಶಾಲೆಯ ಕಾಲದ ಭೂಪಟದ ಪುಸ್ತಕ ಇನ್ನೂ ಇದೆ; ಮೇಜಿನ ಮೇಲೆ ಕಾಲೇಜಿನ ಹೊಸದೂ ಇತ್ತು. ಎರಡನ್ನೂ ಬಿಡಿಸಿಟ್ಟೆ. ಹಳೆಯದರಲ್ಲಿ ದ್ರಿನಾ, ಒಂದು ದೇಶದ ಒಳಗೆ ಬಳುಕಿ ಹರಿಯುವ ನೀಲಿಯ ಗೆರೆ. ಹೊಸದರಲ್ಲಿಯೂ ಅದೇ ಬಳುಕು, ಅದೇ ನೀಲಿ. ಆದರೆ ಕೆಳಗಣ ಹಾದಿಯಲ್ಲಿ ಬಹುದೂರ ಅದರ ಮಗ್ಗುಲಿಗೇ ಗಡಿಯ ಚುಕ್ಕೆಗಳು ಸಾಲುಗಟ್ಟಿ ಹೋಗಿವೆ. ಅವಳು ಹೊಸ ಪಟದಲ್ಲಿ ಬೆರಳಿಟ್ಟು ವಿಶೆಗ್ರಾದನ್ನು ಹುಡುಕಿದಳು. ಅಷ್ಟು ಚಿಕ್ಕ ಊರನ್ನು ಅದರಲ್ಲಿ ಅಚ್ಚುಹಾಕಿರಲಿಲ್ಲ. ಹಳೆಯದರಲ್ಲಿ ಇತ್ತು. ಅದರ ಮೇಲೆ ಕಾಗದ ಇಟ್ಟು ನದಿಯ ಗೆರೆಯನ್ನು ತಿದ್ದಿಕೊಂಡು, ಹೊಸ ಪಟಕ್ಕೆ ಹಿಡಿದು, ಸೀಸದ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟಳು. ಕಾಲೇಜಿನ ಪುಸ್ತಕದಲ್ಲಿ ಗೀಚಬಾರದೆಂದು ನಾನು ಹೇಳಲಿಲ್ಲ.